ನಂಬರಿರುವ ಕುರ್ಚಿ

ಗಾಜಿನ ಬಾಗಿಲು ತಾನಾಗಿಯೇ ತೆರೆದುಕೊಂಡಿತು. ತಳ್ಳುವುದಕ್ಕೆಂದು ಚಾಚಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಅವನು ಕೋಟಿನ ಗುಂಡಿಯನ್ನು ಸುಮ್ಮನೆ ಮುಟ್ಟಿಕೊಂಡ. ಪರದೇಶದ ಈ ಊರಿಗೆ ಬಂದು ಐದು ದಿನವಾಗಿತ್ತು, ಐದು ದಿನವೂ ಬಾಗಿಲುಗಳು ಅವನಿಗೆ ಹೀಗೆಯೇ ಮಾಡುತ್ತಿದ್ದವು. ಹೋಟೆಲಿನದು, ಅಂಗಡಿಯದು, ರೈಲಿನದು, ಎಲ್ಲವೂ ಮನುಷ್ಯ ಹತ್ತಿರ ಬಂದರೆ ಸಾಕು, ಯಾರು ಏನು ಎತ್ತ ಎಂದು ಕೇಳದೆ ಎರಡು ಹೋಳಾಗಿ ಸರಿದುಬಿಡುತ್ತಿದ್ದವು. ಮೂವತ್ತೊಂದು ವರ್ಷ ಒಂದು ಸಭಾಂಗಣದ ಬಾಗಿಲಲ್ಲಿ ನಿಂತು, ಟಿಕೆಟ್ಟಿನ ಮೂಲೆ ಹರಿದು ಬಿಡಬೇಕಾದವರನ್ನು ಬಿಟ್ಟು, ಬಿಡಬಾರದವರನ್ನು ಬಿಡದೆ, ಹೋದ ವರ್ಷ ನಿವೃತ್ತನಾದವನಿಗೆ ಇದೊಂದು ಸಣ್ಣ ಅಪಹಾಸ್ಯದಂತೆ ತೋರುತ್ತಿತ್ತು. ಹಿಂದಿನಿಂದ ಹೆಂಡತಿ, ನೋಡಿ, ಇಲ್ಲಿನ ಬಾಗಿಲಿಗೆ ನಿಮ್ಮ ಪರಿಚಯ ಇಲ್ಲ, ನಮ್ಮೂರಲ್ಲಾಗಿದ್ದರೆ ನಿಮ್ಮ ಮುಖ ಕಂಡರೆ ತೆರೆದಿದ್ದದ್ದೂ ಮುಚ್ಚಿಕೊಳ್ಳುತ್ತಿತ್ತು ಎಂದು ನಕ್ಕಳು. ಬೇರೆ ದಿನವಾಗಿದ್ದರೆ ಅವನೂ ನಗುತ್ತಿದ್ದ. ಇವತ್ತು ಅವಳು ಪೆಟ್ಟಿಗೆಯ ತಳದಿಂದ, ಮದುವೆಮನೆಗಳಿಗೆ ಮಾತ್ರ ಉಡುವ ಸೀರೆಯನ್ನು ತೆಗೆದು ಉಟ್ಟುಕೊಂಡಿದ್ದಳು. ಬೆಳಿಗ್ಗೆ ಕನ್ನಡಿಯ ಮುಂದೆ ಅವಳು ನೆರಿಗೆ ಸರಿಮಾಡಿಕೊಳ್ಳುತ್ತ ನಿಂತದ್ದನ್ನು ನೋಡಿ ಅವನು ಕೋಣೆಯಿಂದ ಆಚೆ ಬಂದುಬಿಟ್ಟಿದ್ದ. ಇವತ್ತಿನ ಹಾಡಿನ ಕಚೇರಿಗೆ ಟಿಕೆಟ್ಟು ಸಿಕ್ಕಿರಲಿಲ್ಲ. ಸಿಗುತ್ತದೆಂದು ಹೇಳಿದ್ದವನು ಅವನೊಬ್ಬನೇ.

ಮಾತು ಕೊಟ್ಟದ್ದು ಎರಡು ದಿನದ ಹಿಂದೆ, ಬಸ್ಸಿನಲ್ಲಿ. ಒಟ್ಟು ಇಪ್ಪತ್ತೆರಡು ಜನರ ಪ್ರವಾಸ. ಹತ್ತಿದಾಗೊಮ್ಮೆ ಇಳಿದಾಗೊಮ್ಮೆ ತಲೆ ಎಣಿಸುವ ಪ್ರವಾಸದವನು. ಭಾನುವಾರ ಮಧ್ಯಾಹ್ನ ಮಾತ್ರ ಅವರವರ ಇಷ್ಟಕ್ಕೆ ಬಿಡುವು. ಬಸ್ಸು ಕೆಂಪು ದೀಪಕ್ಕೆ ನಿಂತಿದ್ದಾಗ ಗೋಡೆಯ ಮೇಲಿನ ಚಿತ್ರ ನೋಡಿ ಹೆಂಡತಿ ಅವನ ತೋಳು ಹಿಡಿದಳು, ಅವರೇ ಅಲ್ವಾ ಎಂದಳು. ಅವರೇ. ಹಳೆಯ ಪದ್ಯಗಳನ್ನು ರಾಗಕ್ಕೆ ಕೂಡಿಸಿ ಹಾಡುವ, ಅವನ ಸಭಾಂಗಣಕ್ಕೆ ವರ್ಷಕ್ಕೊಮ್ಮೆ ತಪ್ಪದೆ ಬರುತ್ತಿದ್ದ ಆ ಹಿರಿಯ ಗಾಯಕಿ, ಅವನನ್ನು ಬಾಗಿಲಪ್ಪನವರೇ ಎಂದು ಮೊದಲು ಕರೆದವರು, ಆಮೇಲೆ ಊರೆಲ್ಲ ಹಾಗೇ ಕರೆಯುವಂತಾದದ್ದು. ಇಷ್ಟು ದೂರದ ಊರಿನ ಗೋಡೆಯ ಮೇಲೆ ಅವರು ಬಿಳಿಗೂದಲಿನಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಪ್ರವಾಸದವನು ಫೋನು ಮಾಡಿ ನೋಡಿ, ಎರಡು ತಿಂಗಳ ಹಿಂದೆಯೇ ಎಲ್ಲ ಟಿಕೆಟ್ಟೂ ಮುಗಿದಿದೆಯಂತೆ ಎಂದ. ಮುಂದಿನ ಸೀಟಿನ ನಿವೃತ್ತ ಮೇಷ್ಟ್ರು ತಿರುಗಿ, ಏನು ಬಾಗಿಲಪ್ಪನವರೇ, ಜಗತ್ತಿಗೆಲ್ಲ ಬಾಗಿಲು ಕಾದು ಕೊನೆಗೆ ಮನೆಯವರಿಗೇ ಒಂದು ಟಿಕೆಟ್ಟಿಲ್ಲವಾ ಎಂದರು. ಎಲ್ಲರೂ ನಕ್ಕರು. ಹೆಂಡತಿಯೂ ನಕ್ಕಳು. ಅವಳು ನಕ್ಕ ರೀತಿಯನ್ನು ಅವನಿಗೆ ತಡೆಯಲಾಗಲಿಲ್ಲ. ಕೊಡಿಸ್ತೀನಿ ಎಂದ. ಆಮೇಲೆ ಅವಳಿಗೆ ಮಾತ್ರ ಕೇಳುವ ಹಾಗೆ, “ಈ ಸಲ ನಂಬರ್ ಇರೋ ಕುರ್ಚಿ,” ಎಂದ. ಅವಳು ಕಿಟಕಿಯ ಕಡೆ ತಿರುಗಿದಳು.

ಸಭಾಂಗಣದ ಒಳಾವರಣ ವಿಶಾಲವಾಗಿ, ತಣ್ಣಗೆ, ಆಸ್ಪತ್ರೆಯಷ್ಟು ಶುಚಿಯಾಗಿತ್ತು. ಎಡಕ್ಕೆ ಟಿಕೆಟ್ಟಿನ ಕಿಟಕಿ, ಬಲಕ್ಕೆ ಗೋಡೆಯುದ್ದಕ್ಕೂ ಒಂದು ಬೆಂಚು, ಎದುರಿಗೆ ಕಂದು ಮರದ ಎರಡು ಎತ್ತರದ ಬಾಗಿಲು. ಅವನ ಕಣ್ಣು ಮೊದಲು ಹೋದದ್ದು ಆ ಬಾಗಿಲಿಗೆ. ತಾನಾಗಿ ತೆರೆದುಕೊಳ್ಳುವಂಥದ್ದಲ್ಲ, ಹಿತ್ತಾಳೆಯ ಹಿಡಿ ಇತ್ತು, ಪಕ್ಕದಲ್ಲಿ ಬೂದು ಬಣ್ಣದ ಸಮವಸ್ತ್ರ ತೊಟ್ಟ ಒಬ್ಬ ಎತ್ತರದ ಮನುಷ್ಯ ನಿಂತಿದ್ದ, ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಮೆಲ್ಲಗೆ ದಾಟಿಸುತ್ತ, ಹೊತ್ತುಗಟ್ಟಲೆ ನಿಲ್ಲುವುದನ್ನು ಬಲ್ಲವರು ಮಾತ್ರ ನಿಲ್ಲುವ ಹಾಗೆ. ಅವನನ್ನು ಕಂಡು ಇವನಿಗೆ ಧೈರ್ಯ ಬಂತು. ಯಾವ ಸಭಾಂಗಣದಲ್ಲೂ ಎರಡು ಕುರ್ಚಿ ಕೈಯಲ್ಲಿಟ್ಟುಕೊಂಡೇ ಇರ್ತಾರೆ, ಯಾರಾದರೂ ದೊಡ್ಡವರು ಹೇಳದೆ ಕೇಳದೆ ಬಂದರೆ ಅಂತ, ಇದೆಲ್ಲ ನಂಗೆ ಗೊತ್ತಿಲ್ದೇ ಇರತ್ತಾ ಎಂದು ಹೆಂಡತಿಗೆ ಹೇಳಿ ಅವಳನ್ನು ಬೆಂಚಿನ ಮೇಲೆ ಕೂರಿಸಿ ಕಿಟಕಿಗೆ ಹೋದ. ಕನ್ನಡಕದ ಹೆಂಗಸು ಅವನ ಹರಕು ಮುರುಕು ಮಾತನ್ನು ಕೊನೆಯವರೆಗೂ ಕೇಳಿ, ನಕ್ಕು, ತಲೆಯಾಡಿಸಿ, ನೆಲದ ಮೇಲೆ ಅಂಟಿಸಿದ್ದ ಹಳದಿ ಪಟ್ಟಿಯನ್ನು ತೋರಿಸಿದಳು. ಬರಲಾಗದವರು ಟಿಕೆಟ್ಟು ವಾಪಸು ತಂದರೆ ಅದು ಆ ಪಟ್ಟಿಯ ಮೇಲೆ ನಿಂತವರಿಗೆ, ನಿಂತ ಸಾಲಿಗೆ ಸರಿಯಾಗಿ. ಆಗಲೇ ಇಬ್ಬರು ನಿಂತಿದ್ದರು. ಗಂಟೆ ಒಂದಾಗಿತ್ತು, ಹಾಡು ನಾಲ್ಕಕ್ಕೆ.

ಸಾಲಿನಲ್ಲಿ ನಿಲ್ಲುವ ಮೊದಲು ಅವನು ಇನ್ನೊಂದು ಕೆಲಸ ಮಾಡಿದ. ಜೇಬಿನಲ್ಲಿದ್ದ ಹೋಟೆಲಿನ ಕಾಗದದ ಹಿಂದೆ, ಅಮ್ಮನವರಿಗೆ ಬಾಗಿಲಪ್ಪನ ನಮಸ್ಕಾರ, ನಾನೂ ನನ್ನ ಹೆಂಡತಿಯೂ ಆಚೆ ಇದ್ದೇವೆ ಎಂದು ಬರೆದು, ನಾಲ್ಕು ಮಡಿಕೆ ಮಾಡಿ, ಬಾಗಿಲಿನವನ ಹತ್ತಿರ ಹೋಗಿ, ಒಳಗೆ ಎಂದು ಬೆರಳು ತೋರಿಸಿ ಕೊಟ್ಟ. ಆ ಮನುಷ್ಯ ಬಹಳ ಮರ್ಯಾದೆಯಿಂದ ತೆಗೆದುಕೊಂಡ, ತಲೆ ಬಾಗಿಸಿದ, ಚೀಟಿಯನ್ನು ಎದೆಯ ಜೇಬಿನಲ್ಲಿಟ್ಟು ಜೇಬನ್ನು ಎರಡು ಸಲ ತಟ್ಟಿದ. ತಟ್ಟಿದ್ದನ್ನು ನೋಡಿದ ಕೂಡಲೆ ಇವನಿಗೆ ತಿಳಿದುಹೋಯಿತು. ಆ ತಟ್ಟುವಿಕೆ ತನ್ನದೇ. ಎಷ್ಟು ಚೀಟಿ ಹಾಗೆ ತೆಗೆದುಕೊಂಡಿದ್ದ ಇವನು! ಮುಟ್ಟಿಸ್ತೀನಿ ಬಿಡಿ ಎಂದು ಎದೆಯ ಜೇಬನ್ನು ತಟ್ಟಿ, ವಾರಕ್ಕೊಮ್ಮೆ ಅಂಗಿ ಒಗೆಯಲು ಹಾಕುವಾಗ ಅವನ್ನೆಲ್ಲ ತೆಗೆದು ನೀರೊಲೆಗೆ ಹಾಕುತ್ತಿದ್ದ. ಓದುತ್ತಲೂ ಇರಲಿಲ್ಲ. ಒಳಗೆ ಹಾಡುವವರಿಗೆ ಹೊರಗಿನ ಕಾಟ ತಟ್ಟಬಾರದು, ಅದೇ ತನ್ನ ಸೇವೆ ಎಂದು ನಂಬಿದ್ದ. ಒಂದು ಸಲ ಒಬ್ಬ ಮುದುಕಿ, ಒಳಗೆ ಹಾಡೋರಿಗೆ ಮೊದಲ ಪಾಠ ಹೇಳಿಕೊಟ್ಟವಳು ನಾನೇ ಕಣಪ್ಪ, ಒಂದು ಸಲ ಮುಖ ನೋಡಿ ಹೋಗ್ತೀನಿ ಅಂತ ಬರೆದಿದ್ದೀನಿ ಎಂದಿದ್ದಳು. ಅದೂ ನೀರೊಲೆಗೇ ಹೋಯಿತು. ಆಕೆ ಹಾಡು ಮುಗಿಯುವ ತನಕ ಮೆಟ್ಟಿಲ ಮೇಲೆ ಕಾದಿದ್ದು, ಜನವೆಲ್ಲ ಹೊರಟ ಮೇಲೆ ಅವನಿಗೇ ಕೈಮುಗಿದು ಹೋಗಿದ್ದಳು. ಬೂದು ಸಮವಸ್ತ್ರದವನ ಜೇಬು ಸ್ವಲ್ಪ ಉಬ್ಬಿತ್ತು. ಇವನು ವಾಪಸು ಬಂದು ಹಳದಿ ಪಟ್ಟಿಯ ಮೇಲೆ ಮೂರನೆಯವನಾಗಿ ನಿಂತ.

ಬೆಂಚಿನ ಮೇಲೆ ಹೆಂಡತಿ ಬೆನ್ನು ತಾಗಿಸದೆ ಕೂತಿದ್ದಳು. ಅವಳು ಎಲ್ಲಿಯೂ ಬೆನ್ನು ತಾಗಿಸಿ ಕೂರುವವಳಲ್ಲ ಎನ್ನುವುದನ್ನು ಅವನು ಈಗ, ಇಷ್ಟು ದೂರದಿಂದ, ಗಾಜಿನಿಂದ ಬಂದ ಬೆಳಕಿನಲ್ಲಿ ಕಂಡ. ಅವನ ಸಭಾಂಗಣದಲ್ಲಿ ಬಾಗಿಲಿನವನ ಮನೆಯವರು ಟಿಕೆಟ್ಟಿಲ್ಲದೆ ಒಳಗೆ ಬರಬಹುದು, ಖಾಲಿ ಉಳಿದ ಕುರ್ಚಿಯಲ್ಲಿ ಕೂರಬಹುದು, ಕುರ್ಚಿಯವರು ಬಂದರೆ ಏಳಬೇಕು. ಅಲ್ಲಿನ ಪದ್ಧತಿ ಅದು; ಬರೆದಿಟ್ಟದ್ದಲ್ಲ. ಅದಕ್ಕೆ ಅವರಿಬ್ಬರೂ ಸೇರಿಸಿಕೊಂಡ ಇನ್ನೊಂದು ಪದ್ಧತಿ ಇತ್ತು, ಒಳಗೆ ಬಂದ ಮೇಲೆ ಅವನಿಗೆ ಅವಳು ಯಾರೂ ಅಲ್ಲ, ಅವಳಿಗೆ ಅವನು ಯಾರೂ ಅಲ್ಲ. ಬಾಗಿಲಿನವನು ಹೆಂಡತಿಯನ್ನು ಕೂರಿಸಿದ್ದಾನೆ ಎಂಬ ಮಾತು ಬರಬಾರದು. ಹೊಸದರಲ್ಲಿ ಅದು ಆಟದ ಹಾಗಿತ್ತು, ಮನೆಗೆ ಬಂದು ಇಬ್ಬರೂ ನಗುತ್ತಿದ್ದರು. ಆಮೇಲೆ ಯಾವಾಗ ನಗುವುದು ನಿಂತಿತು? ಇದೇ ಗಾಯಕಿ ಹಾಡುತ್ತಿದ್ದ ಸಂಜೆ. ಪದ್ಯದ ಮೊದಲ ಸಾಲನ್ನು ಮೂರು ಸಲ ಎತ್ತಿ ಇಳಿಸಿ, ನಾಲ್ಕನೆಯ ಸಲಕ್ಕೆ ಇಡೀ ಸಭೆ ಉಸಿರು ಹಿಡಿದಿತ್ತು. ಹೆಂಡತಿ ಐದನೆಯ ಸಾಲಿನಲ್ಲಿ ಕಣ್ಣು ಮುಚ್ಚಿದ್ದಳು. ಆಗ ವ್ಯವಸ್ಥಾಪಕರು ಯಾರೋ ತಡವಾಗಿ ಬಂದ ದೊಡ್ಡವರನ್ನು ಕರೆದುಕೊಂಡು ಬಂದು, ಆಕೆ ಯಾರು ಎಂದು ಕೇಳಿದರು. ಗೊತ್ತಿಲ್ಲ ಸಾರ್ ಎಂದ ಅವನು. ಸಾಲಿನೊಳಗೆ ನುಗ್ಗಿ ಹೋಗಿ ಅವಳ ಮೇಲೆ ಬಗ್ಗಿ, “ಅಮ್ಮಾ, ಸ್ವಲ್ಪ ಏಳ್ತೀರಾ? ಇದು ಇವರ ಜಾಗ,” ಎಂದ. ಅವಳು ಕಣ್ಣು ಬಿಟ್ಟು, ಅವನ ಮುಖವನ್ನು ಒಂದು ಕ್ಷಣ ನಿಜವಾಗಿಯೂ ಯಾರೆಂದು ತಿಳಿಯದವಳ ಹಾಗೆ ನೋಡಿ, “ಕ್ಷಮಿಸಿ, ಗೊತ್ತಾಗ್ಲಿಲ್ಲ,” ಎಂದು ಎದ್ದಳು. ಉಳಿದ ಎರಡು ಗಂಟೆ ಕಂಬಕ್ಕೆ ಒರಗಿ ನಿಂತಿದ್ದಳು. ಆ ವಾರವೆಲ್ಲ ಅವಳಿಗೆ ಜ್ವರವಿತ್ತು, ಅವತ್ತಷ್ಟೇ ಬಿಟ್ಟಿತ್ತು. ಮನೆಗೆ ಬಂದು ಅವನಿಗೆ ಬಡಿಸಿದಳು, ಉಪ್ಪು ಸಾಕಾ ಎಂದು ಕೇಳಿದಳು. ಅವಳು ಬೈಯುತ್ತಾಳೆಂದು ಅವತ್ತು ಕಾದ, ಮಾರನೆಯ ದಿನ ಕಾದ. ಹತ್ತೊಂಬತ್ತು ವರ್ಷವಾಯಿತು, ಅವಳು ಬೈದಿಲ್ಲ.

ನಿಂತು ನಿಂತು ಅಂಗಾಲು ಬಿಸಿಯಾಗತೊಡಗಿದಾಗ ಅವನು ಅಭ್ಯಾಸದಂತೆ ಒಳಗೊಳಗೇ ಪದ್ಯ ಹೇಳಿಕೊಂಡ. ಚಿಕ್ಕವನಿದ್ದಾಗ ಅಮ್ಮ ಸಂಜೆ ಕೆಲಸ ಮುಗಿಸಿ ಕೂತು ದೊಡ್ಡ ದನಿಯಲ್ಲಿ ಪದ್ಯ ಓದುತ್ತಿದ್ದಳು, ಅರ್ಥ ಹೇಳುತ್ತಿರಲಿಲ್ಲ. ಕೇಳು, ಕೇಳ್ತಾ ಇದ್ದರೆ ಅದೇ ಒಳಗೆ ಇಳಿಯತ್ತೆ ಎನ್ನುತ್ತಿದ್ದಳು. ಮೊಣಕಾಲ ಮೇಲೆ ಅಂಗೈ ಇಟ್ಟು ಅಲುಗಾಡದೆ ಕೇಳುವುದು ಅವನಿಗೆ ಆಗಲೇ ಬಂದಿತ್ತು. ದೇವರೆಂದರೆ ಅವನಿಗೆ ಇವತ್ತಿಗೂ ಕೇಳಿಸುವಂಥದ್ದು, ಕಾಣುವಂಥದ್ದಲ್ಲ. ಆ ಪದ್ಯಗಳಲ್ಲಿ ಒಂದು ಹೀಗೇ ಎಲ್ಲರಿಗೂ ಒಳ್ಳೆಯದನ್ನು ಬೇಡುವಂಥದ್ದು. ಅದನ್ನು ಅರ್ಧ ಹೇಳುವಷ್ಟರಲ್ಲಿ, ಅದರ ಅಡಿಯಲ್ಲಿ ಮನಸ್ಸು ಬೇರೆಯದನ್ನೇ ಬೇಡುತ್ತಿದೆಯೆಂದು ಅವನಿಗೆ ಗೊತ್ತಾಯಿತು. ಯಾರಾದರೂ ಬಾರದಿರಲಿ ಎಂದು ಬೇಡುತ್ತಿತ್ತು ಅದು. ಬಾರದಿರಬೇಕಾದರೆ ಏನಾಗಬೇಕು? ಎರಡು ತಿಂಗಳಿಂದ ಟಿಕೆಟ್ಟು ಕಾಯ್ದಿಟ್ಟುಕೊಂಡವರು ಸುಮ್ಮಸುಮ್ಮನೆ ಬಾರದಿರುತ್ತಾರೆಯೆ? ಅವನಿಗೆ ನಾಚಿಕೆಯಾಯಿತು. ದೊಡ್ಡದೇನೂ ಬೇಡ, ದೇವರೇ, ಒಂದು ನೆಗಡಿ ಸಾಕು ಎಂದು ತಿದ್ದಿದ. ಇಬ್ಬರಿಗೆ, ಎಂದು ಸೇರಿಸಿದ. ಗಂಡ ಹೆಂಡತಿಗೆ ಒಟ್ಟಿಗೆ ಬರುವಂಥ ನೆಗಡಿ. ಮೂರು ಗಂಟೆಗೆ ಒಂದು ಕುಟುಂಬದವರು ಬಂದು ಎರಡು ಟಿಕೆಟ್ಟು ಹಿಂದಕ್ಕೆ ಕೊಟ್ಟರು, ಮುಂದೆ ನಿಂತಿದ್ದ ಇಬ್ಬರು ಅವನ್ನು ಪಡೆದು ತಿರುಗಿ ಅವನತ್ತ ಮುಗುಳ್ನಕ್ಕು ಹೋದರು. ಈಗ ಪಟ್ಟಿಯ ಮೇಲೆ ಅವನೇ ಮೊದಲಿಗ. ಹಿಂದೆ ಸಾಲು ಬೆಳೆದಿತ್ತು. ಹೆಂಡತಿ ಬೆಂಚಿನಿಂದಲೇ ಹುಬ್ಬು ಹಾರಿಸಿ ಕೇಳಿದಳು. ಅವನು ಇನ್ನೇನು ಎನ್ನುವ ಹಾಗೆ ಕೈ ಮಾಡಿದ.

ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ಆ ಮುದುಕ ಬಂದ. ಇಸ್ತ್ರಿ ಮಾಡಿದ ಕಪ್ಪು ಕೋಟು, ಹೊಳೆಯುವ ಬೂಟು, ಎಡಗೆನ್ನೆಯ ಮೇಲೆ ಮಾತ್ರ ಕ್ಷೌರ ಮಾಡುವಾಗ ತಪ್ಪಿದ ಒಂದು ಪಟ್ಟೆ ಬಿಳಿ ಕೂದಲು. ಕಿಟಕಿಯ ಮುಂದೆ ನಿಂತು ಲಕೋಟೆಯಿಂದ ಎರಡು ಟಿಕೆಟ್ಟು ತೆಗೆದ. ಎರಡನ್ನೂ ಸ್ವಲ್ಪ ಹೊತ್ತು ನೋಡಿದ. ಒಂದನ್ನು ಲಕೋಟೆಗೆ ಹಿಂದಿರುಗಿಸಿ ಇನ್ನೊಂದನ್ನು ಗಾಜಿನ ಕೆಳಗೆ ತಳ್ಳಿದ. ಕನ್ನಡಕದ ಹೆಂಗಸು ಏನೋ ಕೇಳಿದಳು, ಮುದುಕ ಎರಡೇ ಮಾತಿನಲ್ಲಿ ಉತ್ತರಿಸಿದ. ಅವಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಮಾತು ತಿಳಿಯದಿದ್ದರೂ ಇದು ನೆಗಡಿಯಲ್ಲವೆಂದು ಅವನಿಗೆ ತಿಳಿಯಿತು. ಮುದುಕ ಬೆಂಚಿನ ಕಡೆ ಹೋದ. ಹೆಂಗಸು ಕನ್ನಡಕ ಹಾಕಿಕೊಂಡು ಪಟ್ಟಿಯ ಮೇಲೆ ನಿಂತಿದ್ದ ಇವನನ್ನು ಕರೆದಳು.

ಒಂದೇ. ಅವನು ಎರಡು ಬೆರಳು ತೋರಿಸಿದ, ಅವಳು ಒಂದು ಬೆರಳು ತೋರಿಸಿದಳು. ಹೆಂಡತಿ ಎದ್ದು ಬಂದು ವಿಷಯ ಅರ್ಥ ಮಾಡಿಕೊಂಡವಳೇ, “ನೀವು ಹೋಗಿ,” ಎಂದಳು. ಅವನು ಬೇಡವೆಂದ. “ನೀವು ಯಾವತ್ತು ಕೂತು ಕೇಳಿದ್ದೀರಿ? ಅವರಿಗೆ ಬೆನ್ನು ಮಾಡಿ ನಿಂತದ್ದೇ ಆಯ್ತು ಜೀವಮಾನವೆಲ್ಲ.” ಅವಳು ಅದನ್ನು ನೋಡಿದ್ದಳೆಂದು, ಕಂಬಕ್ಕೆ ಒರಗಿ ನಿಂತಾಗಲೂ ನೋಡುತ್ತಿದ್ದಳೆಂದು ಅವನಿಗೆ ಗೊತ್ತಿರಲಿಲ್ಲ. ಹಿಂದೆ ಸಾಲಿನಲ್ಲಿ ಯಾರೋ ಕೆಮ್ಮಿದರು. ಸಾಲು ತಡೆಯುವವರನ್ನು ಕಂಡರೆ ಉರಿದುಬೀಳುತ್ತಿದ್ದವನು ತಾನೇ ಸಾಲು ತಡೆದು ನಿಂತಿದ್ದೇನೆಂಬ ಸಂಕಟಕ್ಕೆ ಅವನ ದನಿ ಒರಟಾಯಿತು, ಸುಮ್ನೆ ಹೋಗು ಎಂದ. ಒಬ್ಬಳೇ ಹೇಗೆ, ನಂಗಿವರ ಮಾತು ಬರಲ್ಲ ಎಂದಳು ಅವಳು. ಹಾಡು ನಮ್ಮದೇ ಅಲ್ವಾ ಎಂದ. ದುಡ್ಡು ಕೊಟ್ಟು ಪಡೆದ ಟಿಕೆಟ್ಟನ್ನು ಅವಳ ಕೈಗಿಟ್ಟು, ಬೆರಳಿಟ್ಟು ತೋರಿಸಿದ: ಐದನೆಯ ಸಾಲು, ಕುರ್ಚಿ ಹದಿನಾಲ್ಕು. ಯಾರಾದರೂ ಬಂದು ಏಳು ಅಂದರೆ ಇದನ್ನ ತೋರಿಸು, ಏಳಬೇಡ ಎಂದ. ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೋದಳು. ಬೂದು ಸಮವಸ್ತ್ರದವನು ಟಿಕೆಟ್ಟು ಹರಿಯಲಿಲ್ಲ, ಕೈಯಲ್ಲಿದ್ದ ಸಣ್ಣ ಯಂತ್ರ ತೋರಿಸಿದ, ಅದು ಹಕ್ಕಿಮರಿಯಂತೆ ಕೂಗಿತು. ಬಾಗಿಲಲ್ಲಿ ಅವಳು ತಿರುಗಿ ನೋಡಿದಳು. ಒಳಗಿನ ಮಬ್ಬಿನಲ್ಲಿ ಅವಳ ಒಳ್ಳೆಯ ಸೀರೆಯ ಅಂಚು ಒಂದು ಕ್ಷಣ ಹೊಳೆಯಿತು.

ಮೂರು ಸಲ ಗಂಟೆ ಬಾರಿಸಿತು. ಬಾಗಿಲು ಮುಚ್ಚಿತು. ಸಾಲಿನಲ್ಲಿ ಉಳಿದವರು ಚದುರಿದರು. ಅವನು ಬೆಂಚಿಗೆ ಬಂದು ಕೂತು ಕಿವಿಗೊಟ್ಟ. ಹೊರಗೆ ಕೂತೇ ಕೇಳುತ್ತೇನೆಂದು ಮನಸ್ಸಿನೊಳಗೆ ಲೆಕ್ಕ ಹಾಕಿದ್ದ. ಅವನ ಬಾಗಿಲು ಹಳೆಯದು, ಕೆಳಗೆ ಎರಡು ಬೆರಳು ಸಂದಿ, ಬೆನ್ನು ಮಾಡಿ ನಿಂತರೂ ಒಂದು ಸ್ವರ ತಪ್ಪಿಹೋಗುತ್ತಿರಲಿಲ್ಲ. ಇಲ್ಲಿ ಏನೂ ಕೇಳಿಸಲಿಲ್ಲ. ಬಾಗಿಲಿನ ಆಚೆ ಯಾರೂ ಇಲ್ಲವೇನೋ ಎನ್ನುವಷ್ಟು ಮೌನ. ಎಲ್ಲೋ ತಣ್ಣನೆಯ ಗಾಳಿ ಬಿಡುವ ಯಂತ್ರದ ಸದ್ದು. ಈಗ ಮೊದಲ ಸಾಲು ಎತ್ತಿರಬೇಕು, ಅವಳು ಕಣ್ಣು ಮುಚ್ಚಿರಬೇಕು ಎಂದುಕೊಂಡ. ಬೆಂಚಿನ ಇನ್ನೊಂದು ತುದಿಯಲ್ಲಿ ಯಾರೋ ಕೂತಿದ್ದಾರೆಂಬುದು ಅವನ ಗಮನಕ್ಕೆ ಬಂದದ್ದು ಆಮೇಲೆ. ಕಪ್ಪು ಕೋಟಿನ ಮುದುಕ. ಒಳಗೆ ಹೋಗಿರಲಿಲ್ಲ.

ಸ್ವಲ್ಪ ಹೊತ್ತಿಗೆ ಮುದುಕ ಲಕೋಟೆಯಿಂದ ಟಿಕೆಟ್ಟು ತೆಗೆದು ಅವನತ್ತ ಚಾಚಿದ, ಗಲ್ಲವನ್ನು ಬಾಗಿಲ ಕಡೆ ಎತ್ತಿ ತೋರಿಸಿದ. ಐದನೆಯ ಸಾಲು, ಕುರ್ಚಿ ಹದಿನೈದು. ಆ ಹದಿನಾಲ್ಕರ ಪಕ್ಕದ್ದು. ತನ್ನವಳ ಕುರ್ಚಿಯಲ್ಲಿ ಇನ್ನೊಬ್ಬಳು ಕೂತಿರುವಾಗ ಅದರ ಪಕ್ಕ ಹೋಗಿ ಕೂರಲು ಆ ಮನುಷ್ಯನಿಗೆ ಆಗಲಿಲ್ಲವೆಂದು ಅವನು ಊಹಿಸಿದ, ಆ ಊಹೆಯ ಹಿಂದೆಯೇ ತನ್ನ ಪ್ರಾರ್ಥನೆ ಬಂತು, ಇಬ್ಬರಿಗೆ ಎಂದು ಸೇರಿಸಿದ್ದು ಬಂತು. ಅವನು ಅಂಗೈ ಅಡ್ಡ ಮಾಡಿ ಬೇಡವೆಂದ. ಗಂಟೆ ಬಾರಿಸಿಯಾಯಿತು, ಬಾಗಿಲು ಮುಚ್ಚಿಯಾಯಿತು ಎಂದು ಕೈಯಲ್ಲೇ ತೋರಿಸಿದ. ಮೂರನೇ ಗಂಟೆ ಆದಮೇಲೆ ದೇವರು ಬಂದರೂ ಇಲ್ಲ, ಇದು ಅವನು ತಡವಾಗಿ ಬಂದವರಿಗೆಲ್ಲ ಹೇಳುತ್ತಿದ್ದ ಮಾತು. ಹೇಳುವಾಗ ನಾಲಗೆಗೆ ಒಂಥರ ರುಚಿ ಇರುತ್ತಿತ್ತು. ಮುದುಕನಿಗೆ ಅರ್ಥವಾದಂತೆ ಕಾಣಲಿಲ್ಲ. ಟಿಕೆಟ್ಟನ್ನು ಬೆಂಚಿನ ಮೇಲೆ ಅವರಿಬ್ಬರ ನಡುವೆ ಇಟ್ಟು, ಮೊಣಕಾಲಿಗೆ ಕೈ ಊರಿ ಎದ್ದು ಹೊರಟ. ಗಾಜಿನ ಬಾಗಿಲು ಅವನಿಗಾಗಿ ಸರಿದು, ಅವನ ಹಿಂದೆ ಕೂಡಿಕೊಂಡಿತು.

ಈಗ ಬೆಂಚಿನ ಮೇಲೆ ಅವನೂ ಆ ಟಿಕೆಟ್ಟೂ. ಅದನ್ನು ಮುಟ್ಟದೆ ಎಷ್ಟೋ ಹೊತ್ತು ಕೂತ. ತೆಗೆದುಕೊಂಡರೆ ತಪ್ಪೇನು? ಕೊಟ್ಟದ್ದು ಆ ಮುದುಕನೇ. ಮಾನವಂತರು ಕೊಟ್ಟದ್ದನ್ನು ಬೇಡವೆನ್ನುವುದೂ ಒಂದು ಜಂಭವೇ. ಒಳಗೆ ಅವಳ ಪಕ್ಕದ ಕುರ್ಚಿ ಖಾಲಿ ಇದೆ, ನಂಬರಿರುವ ಕುರ್ಚಿ, ಯಾರೂ ಬಂದು ಏಳು ಎನ್ನಲಾರದ್ದು. ಅವರಿಬ್ಬರೂ ಅಕ್ಕಪಕ್ಕ ಕೂತು ಹಾಡು ಕೇಳಿದ್ದು ಯಾವಾಗ? ಕೇಳಿಯೇ ಇಲ್ಲ. ಅವನು ಟಿಕೆಟ್ಟು ತೆಗೆದುಕೊಂಡು ಎದ್ದ. ಬಾಗಿಲಿಗೆ ಹದಿನೈದು ಹೆಜ್ಜೆ ಇರಬಹುದು. ನಾಲ್ಕು ಹೆಜ್ಜೆ ನಡೆದಾಗ ಬೂದು ಸಮವಸ್ತ್ರದವನು ತಲೆಯೆತ್ತಿ ಅವನನ್ನು ನೋಡಿದ, ಸುಮ್ಮನೆ, ಕೋಪವಿಲ್ಲದೆ. ಅಷ್ಟರಲ್ಲಿ ತನ್ನ ಮುಖದ ಮೇಲೆ ಏನೋ ಆಗುತ್ತಿದೆಯೆಂದು ಅವನಿಗೆ ತಿಳಿಯಿತು. ತುಟಿಯ ಎರಡೂ ಕೊನೆ ತಾವಾಗಿಯೇ ಮೇಲಕ್ಕೆ ಹೋಗುತ್ತಿದ್ದವು, ಕತ್ತು ಒಂದು ಕಡೆಗೆ ವಾಲುತ್ತಿತ್ತು. ಅದೊಂದು ನಗು. ಆ ನಗುವನ್ನು ಅವನು ಬಲ್ಲ. ಮೂವತ್ತೊಂದು ವರ್ಷ ಅವನ ಬಾಗಿಲಿಗೆ ತಡವಾಗಿ ಬಂದವರೆಲ್ಲ, ಟಿಕೆಟ್ಟು ಕಳೆದುಕೊಂಡವರು, ಮಗುವನ್ನು ಹೆಗಲಿಗೆ ಹಾಕಿಕೊಂಡವರು, ಚೀಟಿ ಹಿಡಿದವರು, ಮಾತು ಶುರುಮಾಡುವ ಮೊದಲೇ ದೂರದಿಂದಲೇ ಆ ನಗು ಹೊತ್ತು ತರುತ್ತಿದ್ದರು. ಅದನ್ನು ಕಂಡ ಕೂಡಲೇ ಅವನೊಳಗೆ ಏನೋ ಗಟ್ಟಿಯಾಗುತ್ತಿತ್ತು, ಇಲ್ಲ ಎನ್ನಲು ಬಾಯಿ ಸಿದ್ಧವಾಗುತ್ತಿತ್ತು. ಈಗ ಅದು ಅವನ ಮುಖದ ಮೇಲೆ ಬಂದು ಕೂತಿತ್ತು, ಒರೆಸಿದರೂ ಹೋಗದ ಎಣ್ಣೆಯಂತೆ. ಆ ಮನುಷ್ಯ ಇಲ್ಲ ಎನ್ನುತ್ತಾನೆ. ಮರ್ಯಾದೆಯಿಂದ, ತಲೆ ಬಾಗಿಸಿ, ಜೇಬು ತಟ್ಟಿ, ಇಲ್ಲ ಎನ್ನುತ್ತಾನೆ. ಇವನ ಕಾಲು ತಾನಾಗಿ ತಿರುಗಿತು. ಟಿಕೆಟ್ಟನ್ನು ಕೋಟಿನ ಜೇಬಿಗೆ ತುರುಕಿಕೊಂಡು, ಏನೋ ನೆನಪಾದವನಂತೆ ನಟಿಸುತ್ತ, ಬೀದಿಗೆ ಬಂದುಬಿಟ್ಟ.

ಭಾನುವಾರದ ಬೀದಿ ಖಾಲಿಯಾಗಿತ್ತು. ಬಿಸಿಲು ಚೆನ್ನಾಗಿತ್ತು. ಬಟ್ಟೆ ಒಗೆಯುವ ಅಂಗಡಿಯೊಂದು ಮಾತ್ರ ತೆರೆದಿತ್ತು, ಗಾಜಿನ ಹಿಂದೆ ದುಂಡನೆಯ ಯಂತ್ರಗಳಲ್ಲಿ ಯಾರದೋ ಹೊದಿಕೆ ತಿರುಗುತ್ತಿತ್ತು. ಅದನ್ನು ನೋಡುತ್ತ ನಿಂತ. ಮಹಡಿಯ ಕಿಟಕಿಯಲ್ಲಿ ಒಬ್ಬಾಕೆ ಕುಂಡಕ್ಕೆ ನೀರು ಹಾಕುತ್ತಿದ್ದಳು, ಕೆಳಗೆ ನಿಂತವನ ಮೇಲೆ ಹನಿ ಬಿದ್ದದ್ದು ಕಂಡು ಏನೋ ಹೇಳಿದಳು, ಕ್ಷಮೆಯಿರಬೇಕು. ಅವನು ಪರವಾಗಿಲ್ಲಮ್ಮ ಎಂದು ಕನ್ನಡದಲ್ಲೇ ಹೇಳಿ ನಡೆದ. ಕಟ್ಟಡವನ್ನು ಒಂದು ಸುತ್ತು ಬಂದ, ಎರಡು ಸುತ್ತು ಬಂದ, ಪ್ರದಕ್ಷಿಣೆ ಹಾಕುತ್ತಿದ್ದೇನೆಯೇ ಎಂದು ತನ್ನನ್ನೇ ಕೇಳಿಕೊಂಡು ಬೇಸರಪಟ್ಟ. ನಡುವೆ ವಿರಾಮ ಬರುತ್ತದೆ, ಆಗ ಜನರ ಗುಂಪಿನಲ್ಲಿ ಯಾರಿಗೂ ಕಾಣದ ಹಾಗೆ ನುಗ್ಗಿಬಿಡಬಹುದು ಎಂದುಕೊಂಡ. ಹಾಗೆ ನುಗ್ಗುವ ಎಷ್ಟು ಜನರನ್ನು ತೋಳು ಹಿಡಿದು ಆಚೆ ಕಳಿಸಿಲ್ಲ! ಮೂರನೆಯ ಸುತ್ತಿಗೆ ಗಾಜಿನ ಆಚೆ ಜನ ಕಾಣಿಸಿದರು, ವಿರಾಮವಾಗಿತ್ತು. ಕೈಯಲ್ಲಿ ಲೋಟ, ಮುಖದಲ್ಲಿ ಹಾಡಿನ ಬೆಳಕು. ಅವರಲ್ಲಿ ಯಾರಾದರೂ ತನ್ನನ್ನು, ಒಳಗೆ ಹೋಗಲಾರದೆ ಬೀದಿಯಲ್ಲಿ ನಿಂತವನನ್ನು, ನೋಡಿಬಿಟ್ಟರೆ ಎಂದು ರಸ್ತೆ ದಾಟಿ ಬಸ್ಸಿನ ತಂಗುದಾಣದ ಮರೆಗೆ ಸರಿದ. ಹೆಂಡತಿಯನ್ನು ಹುಡುಕಲಿಲ್ಲ. ಅವಳು ಎದ್ದು ಬರುವವಳಲ್ಲ. ಎದ್ದರೆ ಕುರ್ಚಿ ಹೋಗುತ್ತದೆಂದು ಅಲ್ಲೇ ಕೂತಿರುತ್ತಾಳೆ, ನೀರು ಸಹ ಕುಡಿಯದೆ. ಅವಳನ್ನು ನನಗಿಂತ ಬಲ್ಲವರು ಯಾರು ಎಂದುಕೊಂಡು ಜಾಹೀರಾತಿನ ಹಲಗೆಯ ಹಿಂದೆ ಬೆನ್ನು ಮಾಡಿ ನಿಂತ. ಸ್ವಲ್ಪ ಹೊತ್ತಿಗೆ ಆವರಣ ಖಾಲಿಯಾಯಿತು.

ಹಾಡು ಮುಗಿದು ಜನ ಹೊರಬಂದಾಗ ಬಿಸಿಲು ಇನ್ನೂ ಇತ್ತು. ಎಲ್ಲರಿಗಿಂತ ಹಿಂದೆ ಅವಳು ಬಂದಳು. ಅವನು ಓಡುತ್ತ ರಸ್ತೆ ದಾಟಿ, ಹೇಗಿತ್ತು ಎಂದ. ಚೆನ್ನಾಗಿತ್ತು ಎಂದಳು. ಕುರ್ಚಿ ಎಷ್ಟು ಮೆತ್ತಗಿತ್ತು ಗೊತ್ತಾ, ಕೂತರೆ ಒಳಗೇ ಹೋಗಿಬಿಡ್ತೀವೇನೋ ಅನ್ನೋ ಹಾಗೆ. ಅವರಿಗೆ ವಯಸ್ಸಾಗಿದೆ, ಆದರೆ ದನಿ ಹಾಗೇ ಇದೆ. ಅವಳು ನಡೆಯುತ್ತ, ಅವನ ಕಡೆ ನೋಡದೆ, ಬಿಡಿಬಿಡಿಯಾಗಿ ಹೇಳುತ್ತ ಹೋದಳು. ಬಾಗಿಲು ಮುಚ್ಚಿದ ಮೇಲೂ ಇಬ್ಬರು ಬಂದರಂತೆ, ಆ ಬೂದು ಬಟ್ಟೆಯವನು ಹಾಡು ನಿಂತ ಹೊತ್ತು ನೋಡಿ, ಬಗ್ಗಿಕೊಂಡು, ಕೈಹಿಡಿದು ಕರೆತಂದು ಕೂರಿಸಿದನಂತೆ. ಒಳ್ಳೆಯವನು. ತನ್ನ ಪಕ್ಕದ ಕುರ್ಚಿ ಮಾತ್ರ ಖಾಲಿಯೇ ಇತ್ತಂತೆ, ಹದಿನೈದು. ಅವನ ಕೈ ಜೇಬಿನ ಕಡೆ ಹೋಗಿ ಅಲ್ಲೇ ನಿಂತಿತು.

“ವಿರಾಮದಲ್ಲಿ ನಾನೇ ಎದ್ದು ಅವನ ಹತ್ರ ಹೋದೆ,” ಎಂದಳು. “ಕೈಸನ್ನೆ ಮಾಡಿ ಕೇಳಿದೆ, ಪಕ್ಕದ್ದು ಖಾಲಿ ಇದೆ, ನಮ್ಮವರು ಆಚೆ ಇದ್ದಾರೆ, ಕರ್ಕೊಂಡು ಬರ್ಲಾ ಅಂತ. ಟಿಕೆಟ್ಟು ಕೇಳಿದ್ರೆ ಹೆಂಗಪ್ಪಾ ಅಂತ ಎದೆ ಡವಡವ ಅಂತಿತ್ತು. ಅವನು ಹೂಂ ಅಂದ. ನನ್ನ ಜೊತೆ ಆಚೆನೂ ಬಂದ ಪಾಪ, ಹುಡುಕೋಕೆ. ಬೆಂಚಿನ ಮೇಲೆ ನೀವಿರಲಿಲ್ಲ.”

ಮೂವತ್ತೊಂದು ವರ್ಷದಲ್ಲಿ ಅವನು ಅವಳಿಗಾಗಿ ಯಾರ ಹತ್ತಿರವೂ ಒಂದು ಕುರ್ಚಿ ಕೇಳಿರಲಿಲ್ಲ.

“ಅಷ್ಟು ಜನ ಇದ್ರಲ್ಲ, ಏನು ಮಾಡ್ಲಿ. ರೀ ಅಂತ ಕೂಗಿದೆ, ಎರಡು ಸಲ. ಜೋರಾಗೇ ಕೂಗಿದೆ. ಎಲ್ಲರೂ ನನ್ನನ್ನೇ ನೋಡಿದ್ರು.” ಅವಳು ಸ್ವಲ್ಪ ನಕ್ಕಳು. “ಅವರಿಗೇನು ಗೊತ್ತು, ಅದು ಯಾರನ್ನ ಅಂತ. ಆಮೇಲೆ ಗಂಟೆ ಬಾರಿಸ್ತು, ಹೋಗಿ ಕೂತೆ. ಅದಾದ ಮೇಲೆ ಅವರು ಏನು ಹಾಡಿದ್ರೋ, ಕಿವಿಗೇ ಬೀಳಲಿಲ್ಲ. ಎಲ್ಲಿಗೆ ಹೋಗಿದ್ರಿ?”

“ಗಾಳಿಗೆ ಅಂತ,” ಎಂದ ಅವನು. “ಇಲ್ಲೇ.”

ಅವಳು ಹೌದಾ ಎಂದಳು. ಬಿಸಿಲಿಗೆ ಕೈ ಅಡ್ಡ ಹಿಡಿದು ಹೋಟೆಲಿನ ದಾರಿ ಯಾವುದೆಂದು ನೋಡಿ, ಮುಂದಕ್ಕೆ ನಡೆದಳು. ಅಷ್ಟು ಜನರಿದ್ದ ಆ ಆವರಣದಲ್ಲಿ ಆ ಒಂದಕ್ಷರಕ್ಕೆ ತಿರುಗಿ ನೋಡಬೇಕಾಗಿದ್ದವನು ಒಬ್ಬನೇ ಒಬ್ಬ. ಅವನು ರಸ್ತೆಯ ಆಚೆ, ಒಂದು ಹಲಗೆಯ ಮರೆಯಲ್ಲಿ, ಬೆನ್ನು ಮಾಡಿ ನಿಂತಿದ್ದ. ಅವಳು ಹತ್ತು ಹೆಜ್ಜೆ ಮುಂದೆ ಹೋಗಿದ್ದಳು. ಅವಳ ಒಳ್ಳೆಯ ಸೀರೆಯ ಹಿಂಭಾಗ ಕೂತ ಕಡೆ ಮುದುರಿತ್ತು.

“ಓ,” ಎಂದ ಅವನು, ಕರೆದವರಿಗೆ ಓಗೊಡುವ ಹಾಗೆ. ಬಸ್ಸೊಂದು ಹಾದುಹೋಗುತ್ತಿತ್ತು. ಅವಳಿಗೆ ಅದು ಕೇಳಿಸಲಿಲ್ಲ.